ಹಳೆಯ ದಾರಿ, ಹೊಸ ಹೆಜ್ಜೆ



ಸ್ಪೇನ್ ಎಂದ ಕೂಡಲೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾಲ್ಚೆಂಡಾಟ, ಗೂಳಿ ಕಾಳಗ, ಕಡಲ ದಂಡೆಯ ದೊಡ್ಡ ಹೋಟೆಲುಗಳು. ಇಂದು ನಾನು ನಿಮ್ಮನ್ನು ಅವು ಯಾವುವೂ ಇಲ್ಲದ ಒಳನಾಡಿಗೆ ಕರೆದೊಯ್ಯಬೇಕೆಂದಿದ್ದೇನೆ. ಅದೂ ಬಸ್ಸಿನಲ್ಲಲ್ಲ, ಓಡುತ್ತ. ಕೆಲಸಕ್ಕೋ ಪ್ರವಾಸಕ್ಕೋ ಯೂರೋಪಿಗೆ ಹೋಗುವ ಕನ್ನಡಿಗರಲ್ಲಿ ಬೆಳಗಿನ ಓಟದ ರೂಢಿ ಇರುವವರು ಈಗ ಅನೇಕರಿದ್ದಾರೆ. ಈ ಮಾತು ಅವರಿಗಾಗಿ. ಓಡದವರು ಬೇಸರಪಡಬೇಕಾಗಿಲ್ಲ, ಈ ದಾರಿಗಳಲ್ಲಿ ನಡೆದುಕೊಂಡೂ ಹೋಗಬಹುದು.

ಓಡುವುದೇ ಏಕೆ ಎಂದು ನೀವು ಕೇಳಬಹುದು. ಪ್ರವಾಸಿ ಬಸ್ಸು ಒಂದು ಸ್ಮಾರಕದ ಬಾಗಿಲಿನಿಂದ ಇನ್ನೊಂದು ಸ್ಮಾರಕದ ಬಾಗಿಲಿಗೆ ನಿಮ್ಮನ್ನು ಮುಟ್ಟಿಸುತ್ತದೆ. ನಡುವಿನ ನಾಡು ಕಿಟಕಿಯಾಚೆ ಸರಿದುಹೋಗುತ್ತದೆ. ಓಡುವವನಿಗೆ ಆ ನಡುವಿನ ನಾಡೇ ಮುಖ್ಯ. ಒಂದು ಬೆಳಗಿನಲ್ಲಿ ಹತ್ತು ಹದಿನೈದು ಕಿಲೋಮೀಟರು ಓಡಿದರೆ ಎರಡು ಹಳ್ಳಿ, ಒಂದು ಹಳೆಯ ಸೇತುವೆ, ನಾಲ್ಕಾರು ಹೊಲ, ಒಂದು ಕುರಿ ಮಂದೆ ಕಣ್ಣಿಗೆ ಬೀಳುತ್ತವೆ.

ಸ್ಪೇನಿನ ಒಳನಾಡಿನಲ್ಲಿ ಓಟಕ್ಕೆ ಒದಗುವ ಒಳ್ಳೆಯ ದಾರಿಗಳಲ್ಲಿ ಹೆಚ್ಚಿನವು ಓಟಕ್ಕಾಗಿ ಆದವಲ್ಲ. ಯಾರದೋ ದುಡಿಮೆಗಾಗಿ ಅವನ್ನು ಕಟ್ಟಿದರು. ಆ ದುಡಿಮೆ ನಿಂತುಹೋಯಿತು, ದಾರಿ ಉಳಿಯಿತು. ಹೇಗೆ ಉಳಿಯಿತು ಎಂಬುದನ್ನು ನಾಲ್ಕು ದಾರಿಗಳ ಮೂಲಕ ನೋಡೋಣ.

ಮೊದಲನೆಯದು ಸೈನಿಕರ ದಾರಿ. ದೇಶದ ನೈರುತ್ಯ ಭಾಗದಲ್ಲಿ ಮೆರಿದಾ ಎಂಬ ಊರಿದೆ. ಕ್ರಿಸ್ತಪೂರ್ವ 25ರಲ್ಲಿ ರೋಮನ್ನರು ತಮ್ಮ ನಿವೃತ್ತ ಸೈನಿಕರಿಗಾಗಿ ಕಟ್ಟಿದ ಪಟ್ಟಣ ಅದು. ಅಲ್ಲಿಂದ ಉತ್ತರದ ಆಸ್ತೋರ್ಗಾದವರೆಗೆ ಹೋಗುವ ರೋಮನ್ ರಸ್ತೆಗೆ ಈಗ 'ವೀಯಾ ದೆ ಲಾ ಪ್ಲಾತಾ' ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ 'ಪ್ಲಾತಾ' ಎಂದರೆ ಬೆಳ್ಳಿ. ಆದರೆ ಈ ಹೆಸರಿಗೂ ಬೆಳ್ಳಿಗೂ ಸಂಬಂಧವಿಲ್ಲ, ಕಲ್ಲು ಹಾಸಿದ ದಾರಿ ಎಂಬರ್ಥದ ಅರಬ್ಬಿ ಪದದಿಂದ ಅದು ಬಂದಿರಬೇಕು ಎನ್ನುವ ವಿದ್ವಾಂಸರು ಅನೇಕರು.

ಮೆರಿದಾದಲ್ಲಿ ಗ್ವಾದಿಯಾನಾ ನದಿಯ ಮೇಲಿನ ರೋಮನ್ ಸೇತುವೆಯಿಂದ ನಿಮ್ಮ ಓಟ ಆರಂಭವಾಗಲಿ. ಸುಮಾರು 790 ಮೀಟರು ಉದ್ದದ ಈ ಸೇತುವೆಯ ಮೇಲೆ ಈಗ ವಾಹನಗಳಿಗೆ ಪ್ರವೇಶವಿಲ್ಲ. ಊರು ದಾಟಿದರೆ ಇಟ್ಟಿಗೆ, ಕಲ್ಲುಗಳ ಎತ್ತರದ ಕಂಬಗಳು ಕಾಣುತ್ತವೆ, ತುದಿಯಲ್ಲಿ ಕೊಕ್ಕರೆಗಳ ಗೂಡು. ಅದು ಊರಿಗೆ ನೀರು ತರುತ್ತಿದ್ದ ಮೇಲುಗಾಲುವೆಯ ಅವಶೇಷ. ಆ ನೀರು ಎಲ್ಲಿಂದ ಬರುತ್ತಿತ್ತೋ ಅತ್ತಲೇ ನೀವೂ ಓಡಿರಿ. ಐದಾರು ಕಿಲೋಮೀಟರಿನಾಚೆ ಪ್ರೊಸೆರ್ಪಿನಾ ಎಂಬ ಕೆರೆ ಸಿಗುತ್ತದೆ. ಅದರ ಕಟ್ಟೆ ರೋಮನ್ನರದು, ನಾನೂರು ಮೀಟರಿಗೂ ಮಿಕ್ಕಿದ ಉದ್ದ. ನೀರಿನ ದಾರಿ ಹಿಡಿದು ಮೂಲಕ್ಕೆ ಹೋಗುವ ಈ ಓಟ ಪುಸ್ತಕದ ಒಂದು ಅಧ್ಯಾಯದಷ್ಟು ಇತಿಹಾಸವನ್ನು ಕಲಿಸುತ್ತದೆ. ಇನ್ನೂ ಉತ್ತರಕ್ಕೆ, ಕಾಪರ್ರಾ ಎಂಬಲ್ಲಿ, ಹಾಳಾದ ಪಟ್ಟಣದ ನಡುವೆ ನಾಲ್ಕು ಮುಖದ ಕಲ್ಲಿನ ಕಮಾನೊಂದು ನಿಂತಿದೆ. ದಾರಿ ಇಂದಿಗೂ ಅದರ ಕೆಳಗೇ ಹಾಯುತ್ತದೆ.

ಎರಡನೆಯದು ಕುರಿಗಳ ದಾರಿ. ಬೇಸಿಗೆಯಲ್ಲಿ ಉತ್ತರದ ಬೆಟ್ಟಗಳಿಗೆ, ಚಳಿಗಾಲದಲ್ಲಿ ದಕ್ಷಿಣದ ಬಯಲಿಗೆ ಮಂದೆ ಹೊಡೆದುಕೊಂಡು ಹೋಗುವುದು ಆ ನಾಡಿನ ಬಹು ಹಳೆಯ ಪದ್ಧತಿ. ಅದಕ್ಕಾಗಿ ಮೀಸಲಾದ ದೊಡ್ಡ ದಾರಿಗಳಿಗೆ 'ಕನ್ಯಾದಾ' ಎನ್ನುತ್ತಾರೆ. 1273ರಲ್ಲಿ ದೊರೆ ಹತ್ತನೆಯ ಅಲ್ಫೋನ್ಸೊ 'ಮೆಸ್ತಾ' ಎಂಬ ಕುರಿಗಾರರ ಸಂಘಕ್ಕೆ ರಾಜಮನ್ನಣೆ ಕೊಟ್ಟ. ಮೆರಿನೊ ಉಣ್ಣೆ ರಾಜ್ಯದ ಬೊಕ್ಕಸ ತುಂಬುತ್ತಿದ್ದ ಕಾಲದಲ್ಲಿ ಈ ದಾರಿಗಳಿಗೆ ಭದ್ರವಾದ ರಕ್ಷಣೆಯಿತ್ತು. 1836ರಲ್ಲಿ ಸಂಘ ರದ್ದಾಯಿತು. ಮುಂದೆ ರೈಲು ಬಂತು, ಲಾರಿ ಬಂತು, ದಾರಿಯಲ್ಲಿ ಹುಲ್ಲು ಬೆಳೆಯಿತು. ಅಕ್ಕಪಕ್ಕದ ಹೊಲದವರು ಬದುವನ್ನು ಅಷ್ಟಷ್ಟೇ ಮುಂದಕ್ಕೆ ಸರಿಸಿದರು. ಒತ್ತುವರಿ ಎಲ್ಲ ನಾಡಿನಲ್ಲೂ ಇರುವ ರೋಗವೇ ತಾನೆ!

1995ರಲ್ಲಿ ಸ್ಪೇನ್ ಇದಕ್ಕೊಂದು ಕಾನೂನು ತಂದಿತು. ಈ ದಾರಿಗಳು ಸಾರ್ವಜನಿಕ ಸ್ವತ್ತು. ಅವನ್ನು ಮಾರುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಎಷ್ಟು ವರ್ಷ ಉತ್ತು ಬಿತ್ತಿದರೂ ಅವು ಯಾರ ಸ್ವಂತವೂ ಆಗುವುದಿಲ್ಲ. ದೊಡ್ಡ ದಾರಿಯ ಅಗಲ 75 ಮೀಟರಿನವರೆಗೆ. ನಡೆದಾಡುವುದು, ಚಾರಣ, ಕುದುರೆ ಸವಾರಿಗಳಿಗೂ ಅಲ್ಲಿ ಎಡೆಯುಂಟು, ಆದರೆ ಮಂದೆ ಬಂದರೆ ಮೊದಲ ಹಕ್ಕು ಮಂದೆಯದು. ಸೆಗೋವಿಯಾ ಪಟ್ಟಣದ ರೋಮನ್ ಮೇಲುಗಾಲುವೆಯನ್ನು ನೋಡಲು ಹೋದವರು ಹತ್ತಿರದ ಗ್ವಾದರ್ರಾಮ ಬೆಟ್ಟಸಾಲಿನ ಬುಡದಲ್ಲಿ ಇಂಥ ದಾರಿಯೊಂದರಲ್ಲಿ ಓಡಬಹುದು. ಒಂದು ಕಾಲಕ್ಕೆ ಸಾವಿರಾರು ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ದೊಡ್ಡ ಮನೆಗಳು ಅಲ್ಲಿ ಕಾಣಸಿಗುತ್ತವೆ, ಕೆಲವು ಪಾಳು ಬಿದ್ದಿವೆ. ಋತುಮಾನಕ್ಕೆ ತಕ್ಕಂತೆ ಮಂದೆ ಸಾಗಿಸುವ ಈ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊ ಸ್ಪೇನ್ ಮೊದಲಾದ ದೇಶಗಳ ಪರಂಪರೆಯಾಗಿ ಮಾನ್ಯ ಮಾಡಿದೆ.

ಮೂರನೆಯದು ಹೇಸರಗತ್ತೆಗಳ ದಾರಿ. ಕಸ್ತೀಯಾ ಪ್ರಾಂತದ ಗೋಧಿಯನ್ನು ಉತ್ತರದ ಕಡಲಿಗೆ ಸಾಗಿಸಬೇಕೆಂದು 1753ರಲ್ಲಿ ಕಾಲುವೆ ತೋಡಲು ತೊಡಗಿದರು. ಕೆಲಸ ಮುಗಿದದ್ದು 1849ರಲ್ಲಿ. ಆದದ್ದು 207 ಕಿಲೋಮೀಟರು, ಕಡಲು ಮಾತ್ರ ಸಿಗಲಿಲ್ಲ, ನಡುವೆ ಬೆಟ್ಟ ಅಡ್ಡವಾಯಿತು. ದಂಡೆಯ ಮೇಲೆ ನಡೆಯುತ್ತ ಹೇಸರಗತ್ತೆಗಳು ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. ನೂರು ವರ್ಷ ಕಷ್ಟಪಟ್ಟು ಕಟ್ಟಿದ ಈ ಕಾಲುವೆಗೆ ಹತ್ತು ಹನ್ನೆರಡು ವರ್ಷದೊಳಗೇ ರೈಲು ಎದುರಾಳಿಯಾಗಿ ಬಂತು. 1959ರಲ್ಲಿ ದೋಣಿ ಸಂಚಾರ ನಿಂತಿತು. ನೀರು ನಿಲ್ಲಲಿಲ್ಲ. ಅದು ಇಂದಿಗೂ ಹೊಲಗಳಿಗೂ ಊರುಗಳಿಗೂ ಹರಿಯುತ್ತಿದೆ.

ಹೊಸದಾಗಿ ಓಡಲು ಕಲಿತವರಿಗೆ ಈ ದಂಡೆಯಂಥ ದಾರಿ ಮತ್ತೊಂದಿಲ್ಲ. ಏರಿಲ್ಲ, ಇಳಿವಿಲ್ಲ. ಬೊವಾದಿಯಾ ಎಂಬ ಸಣ್ಣ ಹಳ್ಳಿಯ ಚೌಕದಲ್ಲಿ ಹದಿನೈದನೆಯ ಶತಮಾನದ ಕಲ್ಲಿನ ಕಂಬವಿದೆ. ಊರಿಗೆ ತನ್ನದೇ ನ್ಯಾಯಾಧಿಕಾರವಿತ್ತು ಎಂಬುದರ ಗುರುತು ಅದು. ಅಲ್ಲಿಂದ ಕಾಲುವೆ ಹಿಡಿದು ಫ್ರೊಮಿಸ್ತಾಕ್ಕೆ ಸುಮಾರು ಆರು ಕಿಲೋಮೀಟರು. ಸಾಂತಿಯಾಗೊಗೆ ಹೋಗುವ ಯಾತ್ರಿಕರೂ ಇದೇ ದಂಡೆಯಲ್ಲಿ ನಡೆಯುತ್ತಾರೆ. ಊರ ಬಾಗಿಲಲ್ಲಿ ದೋಣಿಗಳನ್ನು ಹಂತಹಂತವಾಗಿ ಇಳಿಸುತ್ತಿದ್ದ ನಾಲ್ಕು ಕಟ್ಟೆಗಳ ಸಾಲಿದೆ. ಎಲ್ಲ ಸೇರಿ ಸುಮಾರು ಹದಿನಾಲ್ಕು ಮೀಟರು ಇಳಿತ. ಊರೊಳಗೆ ಸಾನ್ ಮಾರ್ತಿನ್ ದೇವಾಲಯ, 1066ರ ಕಾಲದ್ದು. ಅದರ ಸೂರಿನಂಚಿನ ಕೆಳಗೆ ಮನುಷ್ಯರು, ಪ್ರಾಣಿಗಳು, ವಿಕಟ ಮುಖಗಳು ಹೀಗೆ ಮುನ್ನೂರಕ್ಕೂ ಹೆಚ್ಚು ಕೆತ್ತನೆಗಳಿವೆ. ಬೆವರು ಆರುವವರೆಗೆ ತಲೆಯೆತ್ತಿ ನೋಡಬಹುದು. ಈ ಊರಿಗೆ ರೈಲು ನಿಲ್ದಾಣವೂ ಇದೆ.

ನಾಲ್ಕನೆಯದು ರೈಲಿನ ದಾರಿ, ಆದರೆ ರೈಲೇ ಓಡದ ದಾರಿ. ಆಂದಲೂಸಿಯಾದ ಬೆಟ್ಟಗಳಲ್ಲಿ 1920ರ ದಶಕದಲ್ಲಿ ರೈಲುಮಾರ್ಗವೊಂದನ್ನು ಹಾಕಲು ಹೊರಟರು. ಸುರಂಗ ಕೊರೆದರು, ಸೇತುವೆ ಕಟ್ಟಿದರು, ನಿಲ್ದಾಣಗಳನ್ನೂ ಕಟ್ಟಿದರು. ಕೆಲಸ ಅರ್ಧಕ್ಕೇ ನಿಂತಿತು. ಒಂದು ರೈಲೂ ಅಲ್ಲಿ ಕೂಗಲಿಲ್ಲ. 1993ರಲ್ಲಿ ಸ್ಪೇನ್, ಬಿಟ್ಟುಹೋದ ರೈಲುಮಾರ್ಗಗಳನ್ನು 'ವೀಯಾ ವೆರ್ದೆ', ಅಂದರೆ ಹಸಿರು ದಾರಿ, ಎಂಬ ಹೆಸರಿನಲ್ಲಿ ನಡೆಯುವವರಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುವ ಯೋಜನೆಯನ್ನು ಆರಂಭಿಸಿತು. ಈ ಮಾರ್ಗವೂ ಅದರಲ್ಲಿ ಸೇರಿತು. ಪುಯೆರ್ತೊ ಸೆರ್ರಾನೊ ಎಂಬ ಊರಿನಿಂದ ಓಲ್ವೆರಾದವರೆಗೆ ಸುಮಾರು 36 ಕಿಲೋಮೀಟರು, 30 ಸುರಂಗಗಳು, 4 ದೊಡ್ಡ ಸೇತುವೆಗಳು. ರೈಲಿಗಾಗಿ ಮಾಡಿದ ದಾರಿಯಾದ್ದರಿಂದ ಕಡಿದಾದ ಏರು ಎಲ್ಲಿಯೂ ಇಲ್ಲ. ನಡುವೆ ಸಾಫ್ರಾಮಗೋನ್ ಬಂಡೆಯಲ್ಲಿ ರಣಹದ್ದುಗಳ ದೊಡ್ಡ ನೆಲೆಯಿದೆ. ಕೊನೆಗೆ ಓಲ್ವೆರಾದ ಬಿಳಿ ಮನೆಗಳೂ ಅವುಗಳ ನೆತ್ತಿಯ ಮೇಲೆ ಮೂರ್ ಅರಸರ ಕಾಲದ ಕೋಟೆಯೂ ಕಾಣುತ್ತವೆ. ಪ್ರಯಾಣಿಕರನ್ನೇ ಕಾಣದ ನಿಲ್ದಾಣಗಳಲ್ಲಿ ಕೆಲವು ಈಗ ಊಟ ವಸತಿಯ ಮನೆಗಳಾಗಿವೆ.

ಓದುಗರೆ, ಈ ದಾರಿಗಳಲ್ಲಿ ಓಡುವಾಗ ಒಂದು ಮೌನ ನಿಮ್ಮನ್ನು ಹಿಂಬಾಲಿಸುತ್ತದೆ. ಮೊದಮೊದಲು ಅದು ಹಿತವೆನಿಸುತ್ತದೆ. ಆಮೇಲೆ ಅದರ ಕಾರಣ ತಿಳಿಯುತ್ತದೆ. 1950-60ರ ದಶಕಗಳಿಂದ ಒಳನಾಡಿನ ಜನ ಕೆಲಸ ಹುಡುಕಿಕೊಂಡು ಮಾದ್ರಿದ್, ಬಾರ್ಸೆಲೋನಾ ಮುಂತಾದ ನಗರಗಳಿಗೆ ಗುಳೆ ಹೋದರು. ಎಷ್ಟೋ ಹಳ್ಳಿಗಳಲ್ಲಿ ಶಾಲೆ ಮುಚ್ಚಿದೆ, ಮುದುಕರು ಉಳಿದಿದ್ದಾರೆ. 'ಬರಿದು ಮಾಡಿದ ಸ್ಪೇನ್' ಎಂಬ ಮಾತೇ ಅಲ್ಲಿ ಹುಟ್ಟಿಕೊಂಡಿದೆ. 2019ರ ಮಾರ್ಚಿ 31ರಂದು ಆ ಊರುಗಳ ಜನ ಮಾದ್ರಿದ್ ಬೀದಿಗಳಿಗೆ ಬಂದು, ನಮಗೂ ವೈದ್ಯರು ಬೇಕು, ರೈಲು ಬೇಕು ಎಂದು ಮೆರವಣಿಗೆ ಮಾಡಿದರು.

ಓಡಲು ಬಂದವನು ಕುಡಿದ ಒಂದು ಲೋಟ ಕಾಫಿಯ ಹಣದಿಂದ ಮುಚ್ಚಿದ ಶಾಲೆ ತೆರೆಯುವುದಿಲ್ಲ. ಆ ಭ್ರಮೆ ನಮಗೆ ಬೇಡ. ಆದರೆ ಹಳ್ಳಿಯ ಒಂದೇ ಒಂದು ಅಂಗಡಿ ಈ ವರ್ಷವೂ ಬಾಗಿಲು ತೆರೆದಿರಲು ಅಂಥ ಲೋಟಗಳೂ ಬೇಕು. ಮೇಲಾಗಿ, ಯಾರೂ ತುಳಿಯದ ದಾರಿ ಬೇಗ ಮುಳ್ಳಿನ ಪಾಲಾಗುತ್ತದೆ, ಇಲ್ಲವೇ ಹೊಲದ ಪಾಲಾಗುತ್ತದೆ. ಕಾನೂನು ಕಾಗದದ ಮೇಲೆ ದಾರಿಯನ್ನು ಕಾಯಬಲ್ಲದು, ನೆಲದ ಮೇಲೆ ಕಾಯುವುದು ಕಾಲುಗಳು. ಆದ್ದರಿಂದ ಹೋಗುವವರು ಊಟವನ್ನು ನಗರದಿಂದ ಕಟ್ಟಿಕೊಂಡು ಹೋಗದಿರಿ. ರೊಟ್ಟಿಯನ್ನು ಹಳ್ಳಿಯಲ್ಲೇ ಕೊಳ್ಳಿರಿ, ಎದುರಾದವರಿಗೆ 'ಬ್ವೆನೋಸ್ ದೀಯಾಸ್' ಎಂದು ನಮಸ್ಕರಿಸಿರಿ.

ಇನ್ನು ಕೆಲವು ಎಚ್ಚರಿಕೆಯ ಮಾತು. ಜುಲೈ, ಆಗಸ್ಟಿನಲ್ಲಿ ಮೆರಿದಾ ಕಡೆ ಬಿಸಿಲು 40 ಡಿಗ್ರಿ ದಾಟುವುದುಂಟು, ವಸಂತವೋ ಶರತ್ಕಾಲವೋ ಲೇಸು. ನೀರು ಜೊತೆಗಿರಲಿ. ನಲ್ಲಿಯ ಮೇಲೆ 'ನೋ ಪೊತಾಬ್ಲೆ' ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ. ದನಕರುಗಳಿಗಾಗಿ ಹಾಕಿದ ಗೇಟನ್ನು ತೆರೆದರೆ ಮರೆಯದೆ ಮುಚ್ಚಿರಿ. ಕುರಿ ಮಂದೆ ಎದುರಾದರೆ ಓಟ ನಿಲ್ಲಿಸಿ, ದೂರ ಸರಿದು ನಡೆಯಿರಿ. ಕಾವಲು ನಾಯಿಗೆ ಓಡುವವನು ಕಳ್ಳನಂತೆಯೇ ಕಾಣುತ್ತಾನೆ. ಶರತ್ಕಾಲದಲ್ಲಿ ಬೇಟೆಯ ಸೂಚನಾ ಫಲಕ ಕಂಡರೆ ಆ ದಿನ ಬೇರೆ ದಾರಿ ಹಿಡಿಯಿರಿ. ಸುರಂಗಗಳಿರುವಲ್ಲಿ ಸಣ್ಣ ಟಾರ್ಚ್ ಇರಲಿ. ಅಪಾಯವಾದರೆ ಕರೆಯಬೇಕಾದ ದೂರವಾಣಿ ಸಂಖ್ಯೆ 112.

ಹೀಗೆ ಸೈನಿಕರು, ಕುರಿಗಳು, ಹೇಸರಗತ್ತೆಗಳು ನಡೆದ ದಾರಿಗಳೂ ರೈಲಿಗಾಗಿ ಕಾದು ಸೋತ ದಾರಿಯೂ ನಿಮಗಾಗಿ ತೆರೆದಿವೆ. ಒಂದು ಬೆಳಗಿನ ಮಟ್ಟಿಗೆ ನೀವು ಅವುಗಳ ವಾರಸುದಾರರು. ಗಡಿಯಾರ ನೋಡಿಕೊಂಡು ಓಡಬೇಡಿ, ಅಕ್ಕಪಕ್ಕ ನೋಡಿಕೊಂಡು ಓಡಿರಿ.