ಬಂಡೆ ಏರಿದರೆ ಬೆಂಗಳೂರು

ಬೆಂಗಳೂರನ್ನು ಮೇಲಿನಿಂದ ನೋಡಬೇಕೆಂದರೆ ಜನ ಎತ್ತರದ ಹೋಟೆಲುಗಳ ಚಾವಣಿ ಹುಡುಕುತ್ತಾರೆ. ಕಾಫಿಗೆ ಮುನ್ನೂರು ರೂಪಾಯಿ ಕೊಟ್ಟು, ಗಾಜಿನಾಚೆ ಕಣ್ಣು ಹಾಯಿಸುತ್ತಾರೆ. ಆದರೆ ಈ ಊರಿಗೆ ತನ್ನದೇ ಚಾವಣಿಗಳಿವೆ: ಬಂಡೆಗಳು.

ಲಾಲ್‌ಬಾಗಿನ ಗಾಜಿನಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವ ಎಲ್ಲರೂ ಅಲ್ಲಿನ ಬಂಡೆ ಹತ್ತುವುದಿಲ್ಲ. ಸುಮಾರು 300 ಕೋಟಿ ವರ್ಷ ಹಳೆಯ ಆ ಶಿಲೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೂದು ಕಲ್ಲಿನ ಮೈಮೇಲೆ ಕಪ್ಪು ಬಿಳಿ ಪಟ್ಟೆಗಳು ಎಳೆಎಳೆಯಾಗಿ ಹರಿದಿವೆ. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಪುಟ್ಟ ಗೋಪುರ. ಅಲ್ಲಿ ನಿಂತರೆ ಮರಗಳ ಹಸಿರು ಮುಗಿಯುವಲ್ಲಿಂದ ಕಾಂಕ್ರೀಟು ಶುರು.

ಇಂಥ ಗೋಪುರಗಳು ಇನ್ನೂ ಮೂರಿವೆ: ಹಲಸೂರು ಕೆರೆಯ ಬಳಿ, ಕೆಂಪಾಂಬುಧಿ ಕೆರೆಯ ಬಳಿ, ಮೇಖ್ರಿ ವೃತ್ತದ ಹತ್ತಿರ. ಊರು ಬೆಳೆದರೆ ಇಷ್ಟರವರೆಗೆ ಎಂದು ಗುರುತಿಟ್ಟ ಜಾಗಗಳಿವು ಎಂಬ ಐತಿಹ್ಯವಿದೆ. ಊರು ಯಾವತ್ತೋ ನಾಲ್ಕನ್ನೂ ದಾಟಿಕೊಂಡು ಹೋಗಿದೆ.

ಬಸವನಗುಡಿಯ ಕಹಳೆ ಬಂಡೆಯದು ಬೇರೆಯೇ ಲೋಕ. ಹಗಲೆಲ್ಲ ಮರಗಳಿಗೆ ಬಾವಲಿಗಳು ತಲೆಕೆಳಗಾಗಿ ಜೋತುಬಿದ್ದಿರುತ್ತವೆ. ಕೆಳಗೆ ಕಲ್ಲುಬೆಂಚಿನ ಮೇಲೆ ನಿವೃತ್ತರ ಹರಟೆ. ಅಲ್ಲಿಂದ ಸ್ವಲ್ಪ ದೂರದ ಹನುಮಂತನಗರದಲ್ಲಿ ಕುಮಾರಸ್ವಾಮಿ ದೇವಸ್ಥಾನದ ಗುಡ್ಡ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ತಿರುಗಿ ನೋಡಿದರೆ ನೀರಿನ ಟ್ಯಾಂಕು, ತೆಂಗಿನ ಗರಿ, ಬಟ್ಟೆ ಒಣಗುವ ತಾರಸಿಗಳು, ಅವುಗಳ ಹಿಂದೆ ಬಹುಮಹಡಿಗಳ ಸಾಲು.

ಗುಡ್ಡ ಹತ್ತಲು ಬೆಳಗಿನ ಹೊತ್ತೇ ವಾಸಿ. ಬಿಸಿಲೇರಿದರೆ ಕಲ್ಲು ಕಾಯುತ್ತದೆ, ಕೆಳಗಿನ ರಸ್ತೆಯಲ್ಲಿ ಹಾರ್ನು ಶುರುವಾಗುತ್ತದೆ.