‘ಅವತಾರ್’ ಮುನ್ನೋಟ ಮತ್ತು ದುಡಿಯುವ ಪ್ರೇಕ್ಷಕ

(ಪೀಣ್ಯದಲ್ಲಿ ಕಾರ್ಮಿಕರೂ ಅಂಗಡಿಕಾರರೂ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು, ಪ್ರಾವಿಡೆಂಟ್ ಫಂಡಿನ ಮಾತು, ಅಂಗಡಿ ಬಾಡಿಗೆಯ ಮಾತು ಇವನ್ನೆಲ್ಲ ಬಿಟ್ಟು ಸಿನಿಮಾದ ವಿಚಾರ ಮಾತನಾಡಲು ನಿಂತಿದ್ದೇನೆಂದು ಕೆಲವರಿಗೆ ಬೇಸರವಾದೀತು. ಅದೂ ಇಡೀ ಸಿನಿಮಾ ಅಲ್ಲ, ಸಿನಿಮಾದ ಟ್ರೇಲರು. ಅದನ್ನು ಕಂಡು ಜನ ಪಟ್ಟ ಸಂತೋಷ ಮತ್ತು ಸಂಕಟ. ಆದರೆ ಗಿರಣಿಯ ಗೇಟು ದಾಟಿದ ಮೇಲೆ ಉಳಿಯುವ ನಾಲ್ಕು ಗಂಟೆಯೂ ನಮ್ಮ ಆಯುಷ್ಯದ ಭಾಗವೇ. ಆ ನಾಲ್ಕು ಗಂಟೆಯ ವಿನೋದವನ್ನು ಯಾರು, ಯಾವ ಭಾಷೆಯಲ್ಲಿ, ಎಷ್ಟು ದುಡ್ಡಿಗೆ ನಮಗೆ ಮಾರುತ್ತಾರೆ ಎಂಬುದು ಬೋನಸ್ಸಿನಷ್ಟೇ ಗಟ್ಟಿಯಾದ ಪ್ರಶ್ನೆ.

ಅಮೆರಿಕದಲ್ಲಿ ಜೇಮ್ಸ್ ಕ್ಯಾಮರೂನ್ ಎಂಬ ನಿರ್ದೇಶಕರು ‘ಅವತಾರ್’ ಎಂಬ ವೈಜ್ಞಾನಿಕ ಕಲ್ಪನೆಯ ಚಿತ್ರ ತೆಗೆದರು. ಅದು 2009ರ ಡಿಸೆಂಬರ್ 18ರಂದು ಬಂತು. ಜಗತ್ತಿನಲ್ಲೇ ಅತಿ ಹೆಚ್ಚು ಹಣ ಗಳಿಸಿದ ಚಿತ್ರವಾಯಿತು. ಅದರ ಮುಂದಿನ ಭಾಗ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಹೇಳುತ್ತ ಹೇಳುತ್ತ ಹದಿಮೂರು ವರ್ಷ ಕಳೆಯಿತು. ಕೊನೆಗೆ 2022ರ ಮೇ 6ರಂದು ಚಿತ್ರಮಂದಿರಗಳಲ್ಲಿ, ಮೇ 9ರಂದು ಮೊಬೈಲುಗಳಲ್ಲಿ ಅದರ ಮೊದಲ ಟ್ರೇಲರು ಕಾಣಿಸಿಕೊಂಡಿತು. ಒಂದೂವರೆ ನಿಮಿಷದ ತುಣುಕು. ಇಪ್ಪತ್ತನಾಲ್ಕು ಗಂಟೆಯಲ್ಲಿ 14 ಕೋಟಿ 86 ಲಕ್ಷ ಸಲ ಅದನ್ನು ನೋಡಲಾಯಿತೆಂದು ಕಂಪನಿಯೇ ಸಾರಿತು. ಇದು ನೋಡಿದ ಜನರ ಲೆಕ್ಕವಲ್ಲ, ನೋಡಿದ ಸಲದ ಲೆಕ್ಕ ಎಂಬುದನ್ನು ಮರೆಯಬೇಡಿ. ಒಬ್ಬನೇ ಹುಡುಗ ರಾತ್ರಿಪಾಳಿಯ ಚಹಾ ಬಿಡುವಿನಲ್ಲಿ ಹತ್ತು ಸಲ ನೋಡಿದರೂ ಹತ್ತು ಎಂದೇ ಬರೆದುಕೊಳ್ಳುತ್ತಾರೆ. ತಕ್ಕಡಿ ಅವರದು, ತೂಕದ ಕಲ್ಲೂ ಅವರದು. ಅಂಗಡಿಕಾರ ಮಿತ್ರರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ನಮ್ಮ ಜನರನ್ನು ಎಬ್ಬಿಸಿದ ಸಂಗತಿ ಈ ಅಂಕಿಯಲ್ಲ. ಇಂಗ್ಲಿಷು, ಹಿಂದಿ, ತಮಿಳು, ತೆಲುಗು, ಮಲಯಾಳಗಳ ಸಾಲಿನಲ್ಲಿ ಈ ಸಲ ಕನ್ನಡವೂ ಇತ್ತು. ಆ ಟ್ರೇಲರಿನಲ್ಲಿ ಮಾತೆಂಬುದು ಇದ್ದದ್ದೇ ಒಂದು ತುಣುಕು. ಉಳಿದದ್ದೆಲ್ಲ ಸಮುದ್ರ, ಹಾರುವ ಪ್ರಾಣಿ, ಸಂಗೀತ. ಆ ಒಂದು ತುಣುಕು ಮಾತು ಕನ್ನಡದಲ್ಲಿ ಕೇಳಿಬಂದದ್ದಕ್ಕೆ ಹಬ್ಬವೇ ಆಯಿತು. ಪೀಣ್ಯದ ಲೇತ್ ಮುಂದೆ ನಿಂತವನಿಗೂ, ವೈಟ್‌ಫೀಲ್ಡಿನ ಗಾಜಿನ ಕಟ್ಟಡದ ಬಾಗಿಲು ಕಾಯುವವನಿಗೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತವನಿಗೂ ಒಂದೇ ಬಗೆಯ ಹಿಗ್ಗು. ಕೆಲವರು ನಕ್ಕರು: ನೀಲಿ ಮೈಯ ಅನ್ಯಲೋಕದವನು ಶಾಲೆಯ ಪುಸ್ತಕದ ಕನ್ನಡ ಆಡುತ್ತಾನಲ್ಲ ಎಂದರು. ಅದೂ ಸುಳ್ಳಲ್ಲ. ಡಬ್ಬಿಂಗಿನ ಕನ್ನಡ ಎಷ್ಟೋ ಸಲ ಇಸ್ತ್ರಿ ಹಾಕಿದ ಅಂಗಿಯಂತೆ ಗರಿಗರಿಯಾಗಿರುತ್ತದೆ, ಮೈಗೆ ಒಗ್ಗುವುದಿಲ್ಲ. ಇನ್ನು ಕೆಲವರು ಸಿಟ್ಟಾದರು: ಇದರಿಂದ ಕನ್ನಡ ಚಿತ್ರೋದ್ಯಮದ ಅನ್ನಕ್ಕೆ ಕಲ್ಲು ಬಿತ್ತು ಎಂದರು.

ಈ ಸಿಟ್ಟಿಗೆ ಒಂದು ಇತಿಹಾಸವಿದೆ. 1960ರ ದಶಕದಲ್ಲಿ ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಮೂಲೆಯಲ್ಲಿ ವರ್ಷಕ್ಕೆ ಕೆಲವೇ ತಯಾರಾಗುತ್ತಿದ್ದವು. ಪರಭಾಷೆಯ ಚಿತ್ರಕ್ಕೆ ಕನ್ನಡ ದನಿ ಅಂಟಿಸಿ ತಂದರೆ ಕನ್ನಡದ ನಟನೂ ತಂತ್ರಜ್ಞನೂ ಮನೆಗೆ ಹೋಗಬೇಕಾದೀತೆಂಬ ಭಯ ಆಗ ನ್ಯಾಯವಾದದ್ದು. ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ಬೀದಿಗಿಳಿದರು, ರಾಜಕುಮಾರರೂ ದನಿಗೂಡಿಸಿದರು. ಡಬ್ಬಿಂಗ್ ನಿಂತಿತು. ಕಾನೂನಿನಿಂದ ಅಲ್ಲ, ಉದ್ಯಮದ ಕಟ್ಟುಪಾಡಿನಿಂದ. ಆ ಕಟ್ಟುಪಾಡು ಸುಮಾರು ಅರ್ಧ ಶತಮಾನ ನಡೆಯಿತು. ಮೊದಲ ಹತ್ತಿಪ್ಪತ್ತು ವರ್ಷ ಅದು ಸಸಿಗೆ ಕಟ್ಟಿದ ಬೇಲಿ. ಆಮೇಲೆ? ಸಸಿ ಮರವಾದ ಮೇಲೂ ಬೇಲಿ ಬಿಗಿಯಾಗಿಯೇ ಇತ್ತು, ಮತ್ತು ಬೇಲಿಯ ಹೊರಗೆ ನಿಂತವನು ಬರಿ ಕನ್ನಡ ಬಲ್ಲ ಪ್ರೇಕ್ಷಕ. ಇಂಗ್ಲಿಷು ಕಲಿತವನು ಇಂಗ್ಲಿಷಿನಲ್ಲಿ ನೋಡಿದ. ತಮಿಳು, ತೆಲುಗು ಬಲ್ಲವನು ಅವುಗಳಲ್ಲಿ ನೋಡಿದ. ತುಮಕೂರಿನಿಂದಲೋ ಹಾಸನದಿಂದಲೋ ಬಂದು ಪೀಣ್ಯದಲ್ಲಿ ಕೋಣೆ ಹಿಡಿದವನ ಮಗ ಅರ್ಥವಾಗದ ಮಾತಿಗೆ ಪಕ್ಕದವನು ನಕ್ಕಾಗ ನಕ್ಕ. ಬೆಂಗಳೂರಿನ ಬಸ್ಸಿನಲ್ಲಿ ಟಿಕೀಟು ಹರಿದುಕೊಟ್ಟ ರಜನೀಕಾಂತರ ಯಂತ್ರಮಾನವನ ಚಿತ್ರ ‘ಎಂದಿರನ್’ 2010ರಲ್ಲಿ ಬಂದಾಗ ತಮಿಳಿನಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಬಂತು. ಅವರು ಕಂಡಕ್ಟರಾಗಿದ್ದ ಊರಿನ ಭಾಷೆಯಲ್ಲಿ ಬರಲಿಲ್ಲ!

2014ರಲ್ಲಿ ಡಬ್ಬಿಂಗ್ ವಿರೋಧಿಸಿ ಚಿತ್ರೋದ್ಯಮ ಮತ್ತೆ ಬೀದಿಗಿಳಿಯಿತು. 2015ರ ಜುಲೈನಲ್ಲಿ ದಿಲ್ಲಿಯ ಸ್ಪರ್ಧಾ ಆಯೋಗ ಈ ಕಟ್ಟುಪಾಡು ಕಾನೂನಿಗೆ ವಿರೋಧವೆಂದು ತೀರ್ಮಾನಿಸಿ, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಕೆಲವರಿಗೆ ದಂಡ ಹಾಕಿತು. ಬಾಗಿಲು ತೆರೆಯಿತು. ಆದರೆ ತೆರೆಸಿದ್ದು ಪ್ರೇಕ್ಷಕನ ಸಂಘಟನೆಯಲ್ಲ, ಮಾರುಕಟ್ಟೆಯ ಕಾನೂನು. ಆದ್ದರಿಂದಲೇ ಬಾಗಿಲು ತೆರೆದರೂ ಒಳಗೆ ನಮಗಿಟ್ಟ ಕುರ್ಚಿ ಎಷ್ಟು ಎಂದು ನೋಡಬೇಕಾಗುತ್ತದೆ. 2021ರ ಡಿಸೆಂಬರಿನಲ್ಲಿ ‘ಪುಷ್ಪ’ ಬಂತು, 2022ರ ಮಾರ್ಚಿನಲ್ಲಿ ‘ಆರ್‌ಆರ್‌ಆರ್’ ಬಂತು. ಎರಡಕ್ಕೂ ಕನ್ನಡ ಟ್ರೇಲರು ಇತ್ತು, ಕನ್ನಡ ದನಿ ಇತ್ತು. ಬಿಡುಗಡೆ ಬಂದಾಗ ಕನ್ನಡದ ಆಟಗಳು ಬೆರಳೆಣಿಕೆ ಎಂದು ಎರಡು ಸಲವೂ ಜನ ರೇಗಿ, ಚಿತ್ರವನ್ನೇ ಬಹಿಷ್ಕರಿಸೋಣವೆಂದು ಕೂಗೆಬ್ಬಿಸಿದರು. ಟ್ರೇಲರಿನಲ್ಲಿ ಕನ್ನಡ ತೋರಿಸಿ ಟಿಕೀಟು ಕಿಟಕಿಯಲ್ಲಿ ಬೇರೆ ಭಾಷೆ ಕೊಡುವುದು ಮೇಲೊಂದು ಅಕ್ಕಿ ಒಳಗೊಂದು ಅಕ್ಕಿ ಇಟ್ಟ ಮೂಟೆಯ ವ್ಯಾಪಾರವೇ ಅಲ್ಲವೆ? ಬೆಳಗಿನ ಎಂಟಕ್ಕೊಂದು ಆಟ ಇಟ್ಟು ‘ಕನ್ನಡದವರು ಬರಲಿಲ್ಲ’ ಎಂದು ಬರೆದುಕೊಂಡರೆ, ಎಂಟಕ್ಕೆ ಪಾಳಿ ಹತ್ತುವವನು ಹೇಗೆ ಬಂದಾನು?

ಇನ್ನು ದರದ ವಿಚಾರ. ‘ಅವತಾರ್’ ಎರಡನೆಯ ಭಾಗ 2022ರ ಡಿಸೆಂಬರ್ 16ರಂದು ತೆರೆಕಂಡಾಗ ಬೆಂಗಳೂರಿನಲ್ಲಿ ಕೆಲವು ಸೀಟುಗಳ ಬೆಲೆ ಸಾವಿರ ರೂಪಾಯಿ ದಾಟಿದ್ದು ಪತ್ರಿಕೆಗಳಲ್ಲಿ ಬಂತು. ಕರ್ನಾಟಕ ಸರಕಾರ ಟಿಕೀಟಿಗೆ 200 ರೂಪಾಯಿಯ ಮಿತಿ ಹಾಕುತ್ತೇವೆಂದು 2017ರಲ್ಲೇ ಹೇಳಿತ್ತು, ಅದು ನಿಲ್ಲಲಿಲ್ಲ. 2025ರ ಬಜೆಟ್ಟಿನಲ್ಲಿ ಮತ್ತೆ ಹೇಳಿ, ಸೆಪ್ಟೆಂಬರ್ 12ರಂದು ಆಜ್ಞೆ ಹೊರಡಿಸಿತು. ತೆರಿಗೆ ಬಿಟ್ಟು 200 ರೂಪಾಯಿ. 75 ಮತ್ತು ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ತೆರೆಗಳಿಗೆ ಮಿತಿಯಿಲ್ಲ. ಹನ್ನೊಂದೇ ದಿನ. ಸೆಪ್ಟೆಂಬರ್ 23ರಂದು ಹೈಕೋರ್ಟು ಮಧ್ಯಂತರ ತಡೆ ಕೊಟ್ಟಿತು. ಗಂಡ ಹೆಂಡತಿ ಇಬ್ಬರು ಮಕ್ಕಳು ಹೋದರೆ ಆ ಮಿತಿಯ ಲೆಕ್ಕದಲ್ಲೇ ಎಂಟುನೂರು ಆಗುತ್ತಿತ್ತು. ಅದೂ ದಕ್ಕಲಿಲ್ಲ.

ಹಾಗಾದರೆ ಹಳೆಯ ಚಿತ್ರಮಂದಿರಕ್ಕೆ ಹೋಗೋಣವೆಂದರೆ, ಅವು ಎಲ್ಲಿ? 1968ರಲ್ಲಿ ಕಟ್ಟಿದ ಕಪಾಲಿ ಹೋಯಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. 2024ರಲ್ಲಿ ಸ್ಯಾಂಕಿ ರಸ್ತೆಯ ಕಾವೇರಿಯೂ ಮುಚ್ಚಿತು. ಚಿತ್ರಮಂದಿರವೊಂದು ಮುಚ್ಚಿದರೆ ಮಾಲೀಕನಿಗೆ ಜಾಗದ ಬೆಲೆ ಸಿಗುತ್ತದೆ. ಸೈಕಲ್ ಸ್ಟ್ಯಾಂಡಿನವನಿಗೆ, ಕಡಲೆಕಾಯಿ ಮಾರುವವಳಿಗೆ, ಪೋಸ್ಟರು ಅಂಟಿಸುವವನಿಗೆ, ಎದುರಿನ ಚಹಾ ಅಂಗಡಿಗೆ, ಕಟೌಟಿಗೆ ಹಾರ ಕಟ್ಟುವ ಹೂವಿನವಳಿಗೆ ಏನೂ ಸಿಗುವುದಿಲ್ಲ. ಮಾಲಿನ ಚಿತ್ರಮಂದಿರದೊಳಗೆ ಹೊರಗಿನ ಕಡಲೆಕಾಯಿಗೆ ಪ್ರವೇಶವೇ ಇಲ್ಲ. ವಿಚಿತ್ರ ನೋಡಿ: ಎಲೆಕ್ಟ್ರಾನಿಕ್ ಸಿಟಿಯಿಂದ ಊರೊಳಗೆ ಬರಲು 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಓಡಿತು. ರೈಲು ಬರುವ ಹೊತ್ತಿಗೆ ಹೋಗಿ ನೋಡಬೇಕಾದ ಮಂದಿರಗಳು ಒಂದೊಂದಾಗಿ ಹೋಗಿದ್ದವು.

ಈಗ ಕತೆಯ ಒಳಗೆ ಸ್ವಲ್ಪ ಬರೋಣ. ಮೊದಲ ‘ಅವತಾರ್’ನಲ್ಲಿ ಒಂದು ಕಂಪನಿ ಬೇರೆ ಲೋಕಕ್ಕೆ ಹೋಗಿ, ಬಲು ಬೆಲೆಯ ಅದಿರಿಗಾಗಿ ಅಲ್ಲಿಯ ಜನರ ಕಾಡನ್ನು ಕಡಿಯುತ್ತದೆ. ಇದು ನಮ್ಮವರಿಗೆ ಹೊಸ ಲೋಕದ ಕತೆಯಂತೆ ಕಾಣಲೇ ಇಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೆ ಅಲ್ಲಿಯ ಕೆಂಪು ಧೂಳು ಕುಡಿದವರಿಗೆ, ಕುದುರೆಮುಖದ ಬೆಟ್ಟ ಕಂಡವರಿಗೆ ಅದು ಪಕ್ಕದೂರಿನ ಸುದ್ದಿ. ಚಿತ್ರ ಕಾಡಿನವರ ಕಡೆ ನಿಲ್ಲುತ್ತದೆ, ಒಳ್ಳೆಯದೇ. ಆದರೆ ಒಂದು ಕೊರತೆ ಹೇಳಲೇಬೇಕು. ಅಲ್ಲಿ ಅಗೆಯುವ ಯಂತ್ರ ಕಾಣುತ್ತದೆ, ಕಂಪನಿಯ ಅಧಿಕಾರಿ ಕಾಣುತ್ತಾನೆ, ಬಂದೂಕಿನವನು ಕಾಣುತ್ತಾನೆ. ಗಣಿಯ ಕೂಲಿಯವನು ಕಾಣುವುದಿಲ್ಲ. ಕೋಲಾರದ ಚಿನ್ನದ ಗಣಿಯ ಹೆಸರಿನಲ್ಲಿ ನಮ್ಮವರು ತೆಗೆದ ‘ಕೆ.ಜಿ.ಎಫ್.’ ಚಿತ್ರಗಳಲ್ಲೂ ಕೂಲಿಯವನು ನಾಯಕನ ಹಿಂದೆ ನಿಂತ ಗುಂಪು ಮಾತ್ರ. 2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚಿದಾಗ ಮನೆಗೆ ಹೋದವನ ಮಾತು ಯಾವ ಟ್ರೇಲರಿನಲ್ಲೂ ಬರಲಿಲ್ಲ.

ಕೂಲಿಯವನು ತೆರೆಯ ಮೇಲೆ ಕಾಣುವುದಿಲ್ಲ, ತೆರೆಯ ಹಿಂದೆಯೂ ಕಾಣುವುದಿಲ್ಲ. ಒಂದು ಸೆಕೆಂಡಿಗೆ 24 ಚೌಕಟ್ಟು. ಒಂದೂವರೆ ನಿಮಿಷಕ್ಕೆ 2160 ಚೌಕಟ್ಟು. ಇಂಥ ಚಿತ್ರಗಳಲ್ಲಿ ಪ್ರತಿ ಚೌಕಟ್ಟಿನಲ್ಲೂ ನಟನನ್ನು ಎತ್ತಿ ಹಿಡಿದ ತಂತಿ ಅಳಿಸಬೇಕು, ಕೂದಲಿನ ಅಂಚು ಬಿಡಿಸಬೇಕು, ಹಿಂದೆ ಬೇರೆ ಆಕಾಶ ಕೂರಿಸಬೇಕು. ಮಗ್ಗದಲ್ಲಿ ಹರಿದ ನೂಲು ಹುಡುಕಿ ಗಂಟು ಹಾಕುವ ಕಣ್ಣಿನ ಕೆಲಸವೇ ಅದು. ನೂಲಿನ ಬದಲು ಬೆಳಕು. ಟ್ರೇಲರಿಗೆ ಬೇಕಾದ ತುಣುಕುಗಳನ್ನು ಚಿತ್ರಕ್ಕಿಂತ ತಿಂಗಳುಗಳ ಮುಂಚೆ ಮುಗಿಸಿಕೊಡಬೇಕಾದ್ದರಿಂದ ಒತ್ತಡವೆಲ್ಲ ಆಗಲೇ ಬೀಳುತ್ತದೆ. ‘ಅವತಾರ್’ನ ಹೆಚ್ಚಿನ ಕೆಲಸ ನ್ಯೂಜಿಲೆಂಡಿನಲ್ಲಾಯಿತು, ನಿಜ. ಆದರೆ ಹಾಲಿವುಡ್ಡಿನ ಬೇರೆ ಎಷ್ಟೋ ದೊಡ್ಡ ಚಿತ್ರಗಳ ಈ ಕೆಲಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ವೈಟ್‌ಫೀಲ್ಡ್ ಕಡೆಯ ಕಟ್ಟಡಗಳಲ್ಲಿ. 2016ರ ‘ಜಂಗಲ್ ಬುಕ್’, 2019ರ ‘ಲಯನ್ ಕಿಂಗ್’ಗಳಲ್ಲಿ ಟೆಕ್ನಿಕಲರ್ ಗುಂಪಿಗೆ ಸೇರಿದ ಎಂ.ಪಿ.ಸಿ. ಸಂಸ್ಥೆಯ ಬೆಂಗಳೂರಿನ ಕಲಾವಿದರ ದುಡಿಮೆ ಇದೆ.

ಆ ಟೆಕ್ನಿಕಲರ್ ಪ್ಯಾರಿಸ್ಸಿನಲ್ಲಿ ಕುಸಿಯಿತು. 2025ರ ಫೆಬ್ರವರಿ ಕೊನೆಯ ವಾರದಲ್ಲಿ ಇಲ್ಲಿಯ ಬಾಗಿಲೂ ಹಾಕಿತು. ಭಾರತದಲ್ಲಿ ಮೂರು ಸಾವಿರದ ಆಸುಪಾಸು ಮಂದಿ, ಹೆಚ್ಚಿನವರು ಬೆಂಗಳೂರಿನವರು, ಒಂದೆರಡು ದಿನದೊಳಗೆ ಕೆಲಸ ಕಳೆದುಕೊಂಡರು. ತಿಂಗಳ ಸಂಬಳವೇ ಕೈಸೇರದೆ ಪರದಾಡಿದರು. ಗಿರಣಿ ಬೀಗಮುದ್ರೆ ಕಂಡವರು ಇಲ್ಲಿ ಕೂತಿದ್ದೀರಿ, ನಿಮಗೆ ಆ ಬೆಳಗ್ಗೆ ಹೇಗಿರುತ್ತದೆಂದು ಗೊತ್ತು. ನಮಗೂ ಅವರಿಗೂ ಒಂದು ಅಂತರವಿತ್ತು. 1946ರ ಸ್ಥಾಯೀ ಆಜ್ಞೆಗಳ ಕಾಯಿದೆ ಎಂದರೆ, ಕೆಲಸದ ವೇಳೆ, ರಜೆ, ಕೆಲಸದಿಂದ ತೆಗೆಯುವ ಕ್ರಮ ಇವನ್ನೆಲ್ಲ ಮಾಲೀಕ ಬರೆದು ನೋಂದಾಯಿಸಬೇಕೆಂಬ ಕಾಯಿದೆ. ಕರ್ನಾಟಕ ಸರಕಾರ 2014ರಿಂದ ಐ.ಟಿ. ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಡುತ್ತ ಬಂದು, 2024ರ ಜೂನಿನಲ್ಲಿ ಇನ್ನೈದು ವರ್ಷಕ್ಕೆ ವಿಸ್ತರಿಸಿತು. ಆ ವಿನಾಯಿತಿಯ ಪಟ್ಟಿಯಲ್ಲಿ ಆನಿಮೇಶನ್ನಿನ, ಕಂಪ್ಯೂಟರ್ ಚಿತ್ರಗಳ ಉದ್ಯಮವೂ ಇತ್ತು. ಮುಂದೆ 2025ರ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸಂಬಂಧಗಳ ಸಂಹಿತೆ ಆ ಕಾಯಿದೆಯ ಜಾಗಕ್ಕೆ ಬಂತು. ಇದರಲ್ಲಿ ಸ್ಥಾಯೀ ಆಜ್ಞೆ ಬೇಕಾಗುವುದು 300 ಕೆಲಸಗಾರರಿರುವ ಕಡೆ. ಪೀಣ್ಯದ ಸಣ್ಣ ಷೆಡ್ಡುಗಳಲ್ಲಿ 300 ಮಂದಿ ಎಷ್ಟು ಕಡೆ ಇದ್ದಾರೆ? ಅಂದರೆ ಲೇತ್ ತಿರುಗಿಸುವವನೂ ಬೆಳಕು ತಿದ್ದುವವನೂ ಈಗ ಹೆಚ್ಚುಕಡಿಮೆ ಒಂದೇ ಬಯಲಿನಲ್ಲಿ ನಿಂತಿದ್ದಾರೆ. ಅವನು ಇಂಗ್ಲಿಷು ಆಡುತ್ತಾನೆ, ಕೊರಳಲ್ಲಿ ಗುರುತುಪಟ್ಟಿ ಹಾಕಿಕೊಂಡಿದ್ದಾನೆ ಎಂದು ನಾವು ದೂರ ನಿಲ್ಲುವುದು ಬೇಡ. ತಾನು ಕಾರ್ಮಿಕನಲ್ಲವೆಂದು ಅವನು ಭಾವಿಸುವುದೂ ಬೇಡ.

ಭಾಷಣದ ನಡುವೆ ಒಬ್ಬರು ಚೀಟಿ ಕಳಿಸಿದ್ದಾರೆ: ‘ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ ಗತಿಯೇನು, ನೀವು ಕನ್ನಡ ಚಿತ್ರದ ವಿರೋಧಿಯೆ?’ ಒಳ್ಳೆಯ ಪ್ರಶ್ನೆ. ಕನ್ನಡಕ್ಕೆ ಈ ಬಗೆಯ ಕಲ್ಪನೆ ಹೊಸತಲ್ಲ. ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕತೆಗಳನ್ನು ಬರೆದರು. ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ನಾಲ್ಕು ಸಂಪುಟಗಳಲ್ಲಿ ಕೊಟ್ಟರು. ಉಪೇಂದ್ರರು 2024ರ ಡಿಸೆಂಬರಿನಲ್ಲಿ ತಮ್ಮ ‘ಯುಐ’ ಚಿತ್ರದ ಮುನ್ನೋಟವನ್ನು 2040ನೇ ಇಸವಿಯಲ್ಲಿ ನಡೆಯುವಂತೆ ಮಾಡಿ ಬಿಟ್ಟಾಗ, ಅದನ್ನು ನೋಡಲು ಯಾರ ಕನ್ನಡ ದನಿಯನ್ನೂ ಅಂಟಿಸಬೇಕಾಗಲಿಲ್ಲ. ಇಂಥವು ಇನ್ನೂ ಬರಲಿ. ಡಬ್ಬಿಂಗಿನ ದನಿ ಕೊಡುವವರೂ ಕನ್ನಡದ ಕಲಾವಿದರೇ. ಅವರಿಗೆ ಕೊಡುವ ಕೂಲಿಯೂ ತೆರೆಯ ಮೇಲೆ ಅವರ ಹೆಸರೂ ಸರಿಯಾಗಿರಬೇಕೆಂದು ಕೇಳೋಣ. ಕನ್ನಡ ಚಿತ್ರವನ್ನು ಕೊಲ್ಲುವುದು ಇನ್ನೊಂದು ಭಾಷೆಯ ಕತೆ ಕನ್ನಡದಲ್ಲಿ ಬರುವುದಲ್ಲ. ಕನ್ನಡ ಚಿತ್ರ ತೆರೆಕಂಡ ವಾರದಲ್ಲೇ ಅದನ್ನು ಕಿತ್ತು, ಅದೇ ತೆರೆಯನ್ನು ದೊಡ್ಡ ಬಂಡವಳದ ಚಿತ್ರಕ್ಕೆ ಕೊಡುವ ಪದ್ಧತಿ ಅದನ್ನು ಕೊಲ್ಲುತ್ತದೆ. ಆ ಪದ್ಧತಿಯನ್ನು ನಡೆಸುತ್ತಿರುವವರು ಯಾರು, ತೆರೆಗಳು ಯಾರ ಕೈಯಲ್ಲಿವೆ ಎಂದು ಚೀಟಿ ಬರೆದ ಮಿತ್ರರು ಮುಂದಿನ ಸಭೆಗೆ ವಿಚಾರಿಸಿಕೊಂಡು ಬಂದರೆ, ಅದರ ಮೇಲೆ ಚರ್ಚೆ ಇಟ್ಟುಕೊಳ್ಳೋಣ.