ಹಳೆ ಕಂಪ್ಯೂಟರಿಗೆ ಹೊಸ ಒಕ್ಕಲು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ, ನನ್ನದರಲ್ಲೂ ಇರಲಿಲ್ಲ. ಚೆನ್ನಾಗಿ ಓಡುವ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡೆ.

ಮೊದಮೊದಲು ಹೊಸ ಬಾಡಿಗೆ ಮನೆಯಲ್ಲಿ ಕತ್ತಲಲ್ಲಿ ಸ್ವಿಚ್ಚು ತಡಕಾಡಿದ ಹಾಗೆಯೇ. ಮೆನುವೇನೋ ಎಡಗಡೆ ಕೆಳಮೂಲೆಯಲ್ಲೇ ಇದೆ. ಆದರೆ ಸಿ ಡ್ರೈವ್, ಡಿ ಡ್ರೈವ್ ಎಲ್ಲಿ? ಇಲ್ಲ! ಎಲ್ಲ ಕಡತಗಳೂ ಒಂದೇ ಬೇರಿನಿಂದ ಕವಲೊಡೆಯುತ್ತವೆ. ತಂತ್ರಾಂಶ ಹಾಕುವಾಗಲೆಲ್ಲ ಪಾಸ್‌ವರ್ಡ್ ಕೇಳುತ್ತದೆ. ಕಿರಿಕಿರಿ, ನಿಜ. ಆದರೆ ನಮಗೆ ತಿಳಿಯದೆ ಏನೂ ಒಳಗೆ ನುಸುಳದಿರಲು ಅದೇ ಕಾವಲು. ಕಚೇರಿ ಕೆಲಸದ ಲಿಬ್ರೆಆಫೀಸ್, ಅಂತರ್ಜಾಲ ನೋಡುವ ಫೈರ್‌ಫಾಕ್ಸ್ ಜೊತೆಗೇ ಬರುತ್ತವೆ, ದುಡ್ಡಿಲ್ಲದೆ.

ಇನ್ನು ಕನ್ನಡ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸ ಸಿಕ್ಕಾಗ ಖುಷಿಯಾಯಿತು. ಯೂನಿಕೋಡ್‌ನಲ್ಲಿ ಬರೆದಿಟ್ಟದ್ದೆಲ್ಲ ಸರಾಗವಾಗಿ ತೆರೆದುಕೊಂಡಿತು. ಹಳೆಯ ಆಸ್ಕಿ ಫಾಂಟುಗಳ ಬರಹ ಮಾತ್ರ ಚಿತ್ರವಿಚಿತ್ರ ಗುರುತುಗಳಾಗಿ ಕಂಡಿತು. ಈ ತಪ್ಪು ಲಿನಕ್ಸಿನದಲ್ಲ. ಆ ಫಾಂಟು ಇಲ್ಲದ ಯಾವ ಕಂಪ್ಯೂಟರಿನಲ್ಲೂ ಹೀಗೆಯೇ. ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಲೇಬೇಕು.

ನಿಮಗೂ ಕುತೂಹಲವೇ? ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ಇಷ್ಟವಾಗಿ ಒಳಗೇ ಹಾಕಿಕೊಳ್ಳುವುದಾದರೆ, ಮೊದಲು ನಿಮ್ಮ ಫೋಟೊ, ಕಾಗದಪತ್ರಗಳ ಪ್ರತಿಯನ್ನು ಬೇರೆಡೆ ತೆಗೆದಿಡಿ.